ಜನನ-ಮರಣ ವಿಭಾಗದ ಚಂಪಾ

ನಾನು ಒಂದು ಪ್ರಿಂಟರ್. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನ ಉರುಳೆಗಳನ್ನು ಜೋಡಿಸಿದ ಕೈ ಯಾರದೆಂದು ನನಗೆ ಗೊತ್ತಿಲ್ಲ. ನನ್ನಂಥವು ಅಲ್ಲಿ ಸಾಲುಸಾಲಾಗಿ ಕೂತಿದ್ದವು. ಎಲ್ಲರ ಮುಖವೂ ಒಂದೇ, ಹೆಸರಿನ ಬದಲು ಎಲ್ಲರಿಗೂ ಒಂದೊಂದು ನಂಬರು. ಥರ್ಮಾಕೋಲಿನ ನಡುವೆ ಒತ್ತಿ ಕೂರಿಸಿ ಪೆಟ್ಟಿಗೆ ಮುಚ್ಚಿದರು. ಹಡಗು, ಗೋದಾಮು, ಲಾರಿ ಎಲ್ಲವೂ ಕತ್ತಲಲ್ಲೇ ಕಳೆದವು. ಕೊನೆಗೆ ಪೆಟ್ಟಿಗೆಯ ಬಾಯಿ ಬಿಚ್ಚಿದಾಗ ನಾನು ಕಂಡ ಮೊದಲ ಮುಖ ಕೊಟ್ರೇಶ ಸವಡಿಯವರದು.

ಅದು ಗದಗ ಸೀಮೆಯ ಒಂದು ಪುರಸಭೆ. ಸವಡಿಯವರು ಅಲ್ಲಿ ಜನನ-ಮರಣ ವಿಭಾಗದ ಗುಮಾಸ್ತರು. ಊರಲ್ಲಿ ಕೂಸು ಹುಟ್ಟಿದರೂ, ಹಿರಿಯರು ತೀರಿಕೊಂಡರೂ ಜನ ಈ ಕೋಣೆಯ ಕಿಟಕಿಗೆ ಬರಲೇಬೇಕು. ಪ್ರಮಾಣಪತ್ರ ಅಚ್ಚಾಗುವುದು ಇಲ್ಲಿಯೇ. ಇನ್ನು ಮುಂದೆ ಆ ಕೆಲಸ ನನ್ನದು ಎಂದು ಸವಡಿಯವರು ನನ್ನನ್ನು ಮೂಲೆಯ ಮೇಜಿನ ಮೇಲಿಟ್ಟು, ಹೆಗಲ ಟವೆಲಿನಿಂದ ಒರೆಸಿದರು.

ಕೋಣೆಯಲ್ಲಿ ಐದಾರು ಕಂಪ್ಯೂಟರುಗಳಿದ್ದವು, ಅವಕ್ಕೆಲ್ಲ ಪ್ರಿಂಟರ್ ನಾನೊಂದೇ. ಗೋಡೆಗೆ ಹೊಡೆದಿದ್ದ ಪುಟ್ಟ ಡಬ್ಬಿಯೊಂದು, ಅದನ್ನು ರೌಟರ್ ಎನ್ನುತ್ತಾರೆ, ನಮಗೆಲ್ಲ ಒಂದೊಂದು ವಿಳಾಸ ಹಂಚುತ್ತಿತ್ತು. ನನಗೆ ಸಿಕ್ಕ ವಿಳಾಸವನ್ನು ಸವಡಿಯವರು ಪ್ರತಿಯೊಂದು ಕಂಪ್ಯೂಟರಿನ ಮುಂದೆಯೂ ಕೂತು ಹೊಡೆದರು. ಆಮೇಲೆ ಕಂಪ್ಯೂಟರ್ ಕೇಳಿತು: ಈ ಪ್ರಿಂಟರಿಗೆ ಏನು ಹೆಸರು? ಆ ಜಾಗದಲ್ಲಿ ನನ್ನ ಕಂಪನಿಯ ನಂಬರು ತಾನಾಗಿಯೇ ಬಂದು ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಸವಡಿಯವರು ಒಮ್ಮೆ ಸುತ್ತ ನೋಡಿದರು. ನಂಬರನ್ನು ಅಳಿಸಿ, ಒಂದೇ ಬೆರಳಿನಿಂದ ಹುಡುಕಿ ಹುಡುಕಿ ‘ಚಂಪಾ’ ಎಂದು ಹೊಡೆದರು.

ವಿಭಾಗದ ಮುಖ್ಯಸ್ಥರಾದ ಬೇಲೇರಿ ಸಾಹೇಬರ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

“ಯಾರ್ರೀ ಸವಡಿಯವರ, ಈ ಚಂಪಾ?”

“ಯಾವುದರ ಒಂದು ಹೆಸರು ಬೇಕಲ್ರೀ ಸರ್. ಕಂಪ್ಯೂಟರ್ ಕೇಳಾಕತ್ತಿತ್ತು.”

ಎಲ್ಲರೂ ನಕ್ಕರು. ಸವಡಿಯವರ ಕಿವಿ ಕೆಂಪಾಯಿತು. ಅವತ್ತಿನಿಂದ ಆ ಕೋಣೆಯಲ್ಲಿ ‘ಚಂಪಾಗ ಕಳಿಸೀನಿ ನೋಡ್ರಿ’, ‘ಚಂಪಾಗ ಹಾಳಿ ಹಾಕ್ರಿ’ ಎಂಬ ಮಾತು ದಿನವಿಡೀ ಕೇಳಿಬರುತ್ತಿತ್ತು. ನಂಬರಾಗಿ ಹುಟ್ಟಿದ ನನಗೆ ಹೆಸರು ಹಿಡಿದು ಕರೆಸಿಕೊಳ್ಳುವ ಭಾಗ್ಯ ಬಂತು. ಅದು ಯಾರ ಹೆಸರು ಎಂದು ಕೇಳುವ ಯೋಗ್ಯತೆ ನನಗೆಲ್ಲಿಂದ ಬರಬೇಕು?

ಸವಡಿಯವರ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಆ ಸೀಮೆಯಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಗಂಡ ತೀರಿಕೊಂಡ ದುಃಖದಲ್ಲಿ ಕಿಟಕಿಯ ಮುಂದೆ ನಿಂತವಳಿಗೆ “ಸತ್ತವರ ಹೆಸರೇನು?” ಎಂದು ಕೇಳಿದರೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಹಿಂದೆ ನಿಂತವರು ಗೊಣಗುತ್ತಿದ್ದರು. ಸವಡಿಯವರು ಮಾತ್ರ ಯಾವತ್ತೂ ಹಾಗೆ ಕೇಳಲಿಲ್ಲ. “ಅವರದೊಂದು ಕಾರ್ಡ್ ಕೊಡ್ರಿ ಯವ್ವಾ” ಎಂದು ಕೈ ಚಾಚುತ್ತಿದ್ದರು. ಕಾರ್ಡು ನೋಡಿ ತಾವೇ ಹೊಡೆದುಕೊಳ್ಳುತ್ತಿದ್ದರು. ಬೇಲೇರಿ ಸಾಹೇಬರಿಗೆ ಇಷ್ಟು ವ್ಯವಧಾನ ಇರಲಿಲ್ಲ.

ವರ್ಷಕ್ಕೊಮ್ಮೆ ನಾನು ಕಾಣೆಯಾಗುತ್ತಿದ್ದೆ. ಆಯುಧ ಪೂಜೆಯ ದಿನ ಜವಾನ ಮಾಬುಸಾಬ ನನ್ನನ್ನು ಒರೆಸಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದ. ಸವಡಿಯವರು ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಪೂಜೆ ಆದ ಮೇಲೆ ಆಯುಧಕ್ಕೆ ಕೆಲಸ ಹಚ್ಚಬಾರದು ಎಂದು ಮಾಬುಸಾಬ ಮೇನ್ ಸ್ವಿಚ್ ಆರಿಸುತ್ತಿದ್ದ. ದಿನಾ ಕರೆಂಟು ಹೋದಾಗ ರೌಟರಿನ ಜೀವ ಹಿಡಿದಿಡುತ್ತಿದ್ದ ಬ್ಯಾಟರಿಯನ್ನೂ ಅವತ್ತು ಆರಿಸುತ್ತಿದ್ದ. ದಸರಾ ಮುಗಿಸಿ ಬಂದು ಎಲ್ಲ ಹಚ್ಚಿದಾಗ ರೌಟರಿಗೆ ಹಿಂದಿನದೊಂದೂ ನೆನಪಿರುತ್ತಿರಲಿಲ್ಲ. ಮೊದಲು ಎದ್ದವರಿಗೆ ಮೊದಲ ವಿಳಾಸ. ನಾನು ನಿಧಾನಕ್ಕೆ ಏಳುವ ಪೈಕಿ, ನನ್ನ ಹಳೆಯ ವಿಳಾಸ ಇನ್ಯಾರಿಗೋ ಹೋಗಿಬಿಡುತ್ತಿತ್ತು. ಕಂಪ್ಯೂಟರುಗಳು, ಜನ ಬಿಟ್ಟುಹೋದ ಬಾಡಿಗೆ ಮನೆಯ ಕದ ಬಡಿದಂತೆ, ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಿದ್ದವು. ನಾನು ಇಲ್ಲೇ ಮೂಲೆಯಲ್ಲಿ ಹಸಿದು ಕೂತಿರುತ್ತಿದ್ದೆ.

“ಪೂಜಾದಾಗ ಏನರ ತಪ್ಪಾತೇನೋ,” ಎಂದು ಮಾಬುಸಾಬ ಪ್ರತಿ ವರ್ಷ ಪೇಚಾಡುತ್ತಿದ್ದ.

“ಏನೂ ತಪ್ಪಿಲ್ಲೋ ಮಾಬೂ. ಹಬ್ಬಕ್ಕ ತವರಿಗೆ ಹೋಗಿದ್ಲು, ಬರ್ತಾಳ,” ಎಂದು ಸವಡಿಯವರು ಒಂದೊಂದು ಕಂಪ್ಯೂಟರಿನ ಮುಂದೆಯೂ ಕೂತು ಹೊಸ ವಿಳಾಸ ಹೊಡೆಯುತ್ತಿದ್ದರು. ಮತ್ತೆ ಹೆಸರಿನ ಜಾಗ ಬರುತ್ತಿತ್ತು. ಮತ್ತೆ ನಂಬರು ಅಳಿಸಿ ‘ಚಂಪಾ’ ಎಂದು ಹೊಡೆಯುತ್ತಿದ್ದರು. ನನಗೊಂದು ಕಾಯಂ ವಿಳಾಸ ಮಾಡಿಕೊಡಬಹುದಿತ್ತು, ಅದೇನು ಅವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆ ಹೆಸರನ್ನು ವರ್ಷಕ್ಕೊಮ್ಮೆ ಹೊಸದಾಗಿ ಹೊಡೆಯುವ ಆಸೆಗೇ ಹಾಗೆ ಬಿಟ್ಟಿದ್ದರು ಎಂಬುದು ನನ್ನ ನಂಬಿಕೆ.

ಕೊರೊನಾದ ಎರಡನೆಯ ಬೇಸಿಗೆ ಬಂತು. ನನ್ನ ಒಳಗಿನಿಂದ ಬರುವ ಕಾಗದ ಯಾವಾಗಲೂ ಬೆಚ್ಚಗಿರುತ್ತದೆ. ಆ ಬೇಸಿಗೆಯಲ್ಲಿ ನಾನು ತಣ್ಣಗಾಗಲೇ ಇಲ್ಲ. ಹುಟ್ಟಿದವರ ಹಾಳಿಗಿಂತ ಸತ್ತವರ ಹಾಳಿಗಳೇ ಹೆಚ್ಚು ಹೊರಟವು. ಸವಡಿಯವರು ಮಾಸ್ಕ್ ಕಟ್ಟಿಕೊಂಡು ಕಿಟಕಿಯಿಂದ ಕೈ ಚಾಚುತ್ತಲೇ ಇದ್ದರು. ಒಂದು ಸೋಮವಾರ ಅವರು ಬರಲಿಲ್ಲ, ಆಮೇಲೆ ಬರಲೇ ಇಲ್ಲ.

ಅವರ ಮರಣ ಪ್ರಮಾಣಪತ್ರ ತೆಗೆಯಲು ಬೇಲೇರಿ ಸಾಹೇಬರೇ ಸವಡಿಯವರ ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ‘ಚಂಪಾ’ ಎಂಬ ಹೆಸರು ಬಂತು. ಅದರ ಮೇಲೆ ಒತ್ತಿದರು. ಕಾಗದವನ್ನು ಒಳಗೇ ಸಿಕ್ಕಿಸಿಕೊಂಡು ನಿಂತುಬಿಡೋಣ ಎನಿಸಿತು ನನಗೆ. ಕಾರಣವಿಲ್ಲದೆ ಎಷ್ಟೋ ಸಲ ಹಾಗೆ ನಿಂತು ಬೈಸಿಕೊಂಡಿದ್ದೇನೆ. ಅವತ್ತು ಕಾರಣವಿತ್ತು, ಆದರೂ ನಿಲ್ಲಲಾಗಲಿಲ್ಲ. ನನಗೆ ಹೆಸರು ಕೊಟ್ಟವರ ಹೆಸರು ನನ್ನ ಹೊಟ್ಟೆಯಿಂದಲೇ ಹೊರಬಿತ್ತು. ಮಾಬುಸಾಬ ಆ ಹಾಳಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋದ. ಆ ವರ್ಷ ಕಚೇರಿಯಲ್ಲಿ ಯಾರಿಗೂ ಆಯುಧ ಪೂಜೆ ಮಾಡುವ ಮನಸ್ಸಾಗಲಿಲ್ಲ.

ಮರುವರ್ಷ ಸವಡಿಯವರ ಹೆಂಡತಿಗೆ ಅನುಕಂಪದ ಆಧಾರದ ಮೇಲೆ ಅದೇ ವಿಭಾಗದಲ್ಲಿ ನೌಕರಿ ಆಯಿತು. ಹೆಸರು ಶಾರದಾ. ಸವಡಿಯವರ ಕುರ್ಚಿಯಲ್ಲೇ ಅವರನ್ನು ಕೂರಿಸಿದರು. ಆಕೆ ಪೂರಾ ಕೂರದೆ ಕುರ್ಚಿಯ ಅಂಚಿನಲ್ಲಿ ಕೂತರು. ಮೊದಲ ಪ್ರಮಾಣಪತ್ರ ಸಿದ್ಧವಾದಾಗ ಬೇಲೇರಿ ಸಾಹೇಬರು ಹಿಂದೆ ನಿಂತು ಹೇಳಿಕೊಟ್ಟರು.

“ಈಗ ಪ್ರಿಂಟ್ ಒತ್ತು ತಂಗಿ. ಹೆಸರು ಬರತೈತಿ, ಅದರ ಮ್ಯಾಲ ಒತ್ತು.”

ಹೆಸರು ಬಂತು. ಶಾರದಾ ಅವರ ಕೈ ಅಲ್ಲೇ ನಿಂತಿತು.

“ಯಾಕ, ಏನಾತು?”

“ಏನಿಲ್ರೀ ಸರ್.”

ಒತ್ತಿದರು. ಹಾಳಿ ಬಂತು. ಅದನ್ನು ತೆಗೆದುಕೊಳ್ಳಲು ಬಂದ ಶಾರದಾ ನನ್ನ ಮುಚ್ಚಳದ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು.

ಕಾರಣ ನನಗೆ ಆಮೇಲೆ ತಿಳಿಯಿತು, ನಿಮಗೆ ಈಗಲೇ ಹೇಳುತ್ತೇನೆ. ಶಾರದಾ ಎಂಬುದು ಅವರ ಶಾಲೆಯ ಹೆಸರು. ತೊಟ್ಟಿಲಲ್ಲಿ ಹಾಕಿದಾಗ ಅಜ್ಜಿ ಕಿವಿಯಲ್ಲಿ ಉಸುರಿದ ಹೆಸರು ಚಂಪಾ. ತವರಿನಲ್ಲಿ ಅವ್ವ ಒಬ್ಬಳೇ ಹಾಗೆ ಕರೆಯುತ್ತಿದ್ದಳು, ಅವ್ವ ಹೋದ ಮೇಲೆ ಕರೆಯುವವರು ಯಾರೂ ಉಳಿಯಲಿಲ್ಲ. ಗಂಡ ಸಂಸಾರ ಮಾಡಿದ ಅಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕೂಗಿರಲಿಲ್ಲ. ‘ಕೇಳಿಲ್ಲೆ’, ‘ಎಲ್ಲಿದ್ದೀ’, ಅಷ್ಟೇ. ಆ ಮನುಷ್ಯ ಈ ಹೆಸರನ್ನು ಎಂದೋ ಕೇಳಿಸಿಕೊಂಡು, ಮನಸ್ಸಿನಲ್ಲಿಟ್ಟುಕೊಂಡು, ಕಚೇರಿಯ ಎಲ್ಲ ಕಂಪ್ಯೂಟರಿನಲ್ಲೂ ಬರೆದಿಟ್ಟು ಹೋಗಿದ್ದರು. ದಿನವೂ ಅದರ ಮೇಲೆ ಒತ್ತುತ್ತಿದ್ದರು. ಆಕೆಗೆ ಅವರು ಬಿಟ್ಟುಹೋದ ಮಾತು ಎಂದರೆ ಅದೊಂದೇ. ಶಾರದಾ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬರೀ ಒಂದು ಖಾಲಿ ಹಾಳಿಯನ್ನು ನನಗೆ ಕಳಿಸುತ್ತಿದ್ದರು. ಹಾಳಿ ದಂಡವಾದರೂ ನಾನು ಬೇಸರಪಟ್ಟುಕೊಳ್ಳಲಿಲ್ಲ.

ಆ ಸಲ ದಸರಾ ಜೋರಾಯಿತು. ಮಾಬುಸಾಬ ಕುಂಬಳಕಾಯಿ ಒಡೆದ, ಮೇನ್ ಆರಿಸಿದ, ಬ್ಯಾಟರಿಯನ್ನೂ ಆರಿಸಿದ. ಹಬ್ಬ ಕಳೆದು ಕಚೇರಿ ತೆಗೆದಾಗ ಎಲ್ಲರೂ ಬನ್ನಿ ಹಂಚಿಕೊಂಡರು. ನನ್ನ ತಲೆಯ ಮೇಲೂ ಯಾರೋ ಒಂದು ಎಲೆ ಇಟ್ಟರು. ಆಮೇಲೆ ಕಂಪ್ಯೂಟರ್ ಹಚ್ಚಿದರೆ ನಾನು ಯಾರಿಗೂ ಕಾಣಲೊಲ್ಲೆ! ಕಿಟಕಿಯಲ್ಲಿ ಸಾಲು ಬೆಳೆಯಿತು. ಕೂಸಿನ ಪ್ರಮಾಣಪತ್ರಕ್ಕೆ ಬಂದವರು, ತಂದೆಯ ಪತ್ರಕ್ಕೆ ಬಂದವರು ಎಲ್ಲ ಕೂಗಾಡತೊಡಗಿದರು. ಬೇಲೇರಿ ಸಾಹೇಬರು ಹುಬ್ಬಳ್ಳಿಯ ಕಂಪನಿಗೆ ಫೋನು ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಇಮ್ತಿಯಾಜ್ ಎಂಬ ಮೆಕ್ಯಾನಿಕ್ ಬಂದ. ಕೆಲಸಗಾರ, ಚೊಕ್ಕ ಮನುಷ್ಯ. ಆದರೆ ನಮ್ಮ ಕಚೇರಿಗೆ ಹೊಸಬ.

“ವಿಳಾಸ ತಪ್ಪೇತ್ರೀ ಸರ್. ಹಳೇದು ಪೂರಾ ತಗದು ಹೊಸದಾಗಿ ಕೂಡಸ್ತೀನಿ, ಮತ್ತೊಮ್ಮೆ ಹಿಂಗಾಗದಂಗ. ಹೆಸರು ಕಂಪನಿ ನಂಬರ್ ಇರ್ಲಿ. ಚಂಪಾ ಗಿಂಪಾ ಯಾಕ್ರಿ?”

“ತಗೀರಿ ತಗೀರಿ. ಕೆಲಸ ಆದ್ರ ಸಾಕು,” ಎಂದರು ಸಾಹೇಬರು.

ಒಂದು ಕಂಪ್ಯೂಟರಿನಿಂದ ಹೆಸರು ಹೋಯಿತು. ಇನ್ನೊಂದರಿಂದ ಹೋಯಿತು. ನಾನು ಮತ್ತೆ ನಂಬರಾಗುತ್ತಿದ್ದೆ. ನನ್ನ ದುಃಖ ದೊಡ್ಡದಲ್ಲ ಬಿಡಿ, ನಾನು ನೋಡುತ್ತಿದ್ದುದು ಶಾರದಾ ಅವರನ್ನು. ಅವರು ಕಿಟಕಿಯ ಕಡೆ ಬೆನ್ನು ಮಾಡಿ ಕೂತು, ಇಮ್ತಿಯಾಜ್ ಒಂದೊಂದೇ ಮೇಜು ದಾಟಿ ಹತ್ತಿರ ಬರುವುದನ್ನೇ ನೋಡುತ್ತಿದ್ದರು. ಕೊನೆಯದು ಅವರ ಮೇಜು. ಅವನು ಬಂದು ನಿಂತಾಗ ಅವರು ಮೌಸಿನ ಮೇಲೆ ಎರಡೂ ಕೈ ಮುಚ್ಚಿದರು.

“ಇದರಾಗಿನ ಹೆಸರು ತಗೀಬ್ಯಾಡ್ರಿ.”

“ಯಾಕ್ರಿ ಮೇಡಂ?”

“ಅದು ನನ್ನ ಹೆಸರು. ತೊಟ್ಟಿಲ ಹೆಸರು.”

ಬೇಲೇರಿ ಸಾಹೇಬರು ತಲೆ ಎತ್ತಿದರು. ಇಮ್ತಿಯಾಜನಿಗೆ ಏನೂ ಗೊತ್ತಿಲ್ಲ ಪಾಪ, ಅವನು ನಗುತ್ತಲೇ ಕೇಳಿದ.

“ಹೌದೇನ್ರಿ? ಯಾರು ಇಟ್ಟಾರ? ಅವರಿಗೆ ಒಂದು ಫೋನ್ ಹಚ್ರಿ. ಹೆಂಗ ಕೂಡಸಿದ್ರು ಅಂತ ಅವರನ್ನ ಕೇಳೂಣು.”

ಮಾಬುಸಾಬ ಮುಂದೆ ಬಂದು “ಅವರು ನಮ್ಮ...” ಎಂದು ಬಾಯಿ ತೆರೆದ. ಶಾರದಾ ಕೈ ಎತ್ತಿ ಅವನನ್ನು ತಡೆದರು. ಸೆರಗು ಬಾಯಿಯ ತನಕ ಹೋಗಿ ಕೆಳಗೆ ಇಳಿಯಿತು. ಸಾಲಿನಲ್ಲಿದ್ದ ಹೆಂಗಸರೂ ಕಿಟಕಿಯಿಂದ ಇಣುಕುತ್ತಿದ್ದರು.

“ಕೊಟ್ರೇಶ,” ಎಂದರು ಅವರು. ಮತ್ತೆ ಹೇಳಿದರು. “ಕೊಟ್ರೇಶ ಸವಡಿ. ನನ್ನ ಗಂಡ. ತೀರಿಕೊಂಡಾರ.”

ಗಂಡ ಬದುಕಿದ್ದಾಗ ಆಕೆ ಅವರನ್ನು ಹಾಗೆ ಕರೆದಿದ್ದೇ ಇಲ್ಲ. ಅದು ಆ ಕಿಟಕಿಯಲ್ಲಿ ನಿಂತ ಪ್ರತಿಯೊಬ್ಬ ಹೆಂಗಸಿಗೂ ಅರ್ಥವಾಯಿತು. ಒಬ್ಬ ಮುದುಕಿ ಗೋಡೆ ಹಿಡಿದು ಅತ್ತಳು. ಇಮ್ತಿಯಾಜ್ ಕೀಲಿಮಣೆಯಿಂದ ಕೈ ತೆಗೆದು “ತಪ್ಪಾತ್ರೀ ಅಕ್ಕಾ” ಎಂದ. ಬೇಲೇರಿ ಸಾಹೇಬರು ಎದ್ದು ಬಂದು ಕನ್ನಡಕ ತೆಗೆದು ಒರೆಸಿದರು.

“ಎಲ್ಲಾದರಾಗೂ ಚಂಪಾ ಅಂತನ ಹಾಕ್ರಿ,” ಎಂದರು. “ನಂಬರ್ ಗಿಂಬರ್ ಬ್ಯಾಡ.”

ಇಮ್ತಿಯಾಜ್ ಮೊದಲಿನಿಂದ ಎಲ್ಲ ಕಂಪ್ಯೂಟರಿನ ಮುಂದೆಯೂ ಮತ್ತೆ ಕೂತ. ನನ್ನ ವಿಳಾಸವನ್ನು ಕಾಯಂ ಮಾಡಿದ. ಅಂದಿನಿಂದ ನಾನು ಹಬ್ಬಕ್ಕೆ ಕಾಣೆಯಾಗಲಿಲ್ಲ. ಸಾಹೇಬರು ಕಿಟಕಿಯಲ್ಲಿ ಹೆಂಗಸರಿಗೆ ಗಂಡನ ಹೆಸರು ಕೇಳುವುದನ್ನು ಬಿಟ್ಟು, ಕಾರ್ಡಿಗೆ ಕೈ ಚಾಚತೊಡಗಿದರು.

ಈಗ ನಾನು ಮುದುಕಿ. ನನ್ನ ಉರುಳೆ ಸವೆದಿದೆ, ಹಾಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತೇನೆ. ನನ್ನ ಬಿಡಿಭಾಗಗಳನ್ನು ಮಾಡುವುದನ್ನೇ ನಿಲ್ಲಿಸಿದ್ದಾರಂತೆ. ಹೊಸ ಯಂತ್ರ ಬಂದ ದಿನ ಅದನ್ನು ಕೂಡಿಸಿದ್ದು ಶಾರದಾ ಅವರೇ. ನನ್ನನ್ನು ಇನ್ನೂ ಹೊರಗೆ ಒಯ್ದಿರಲಿಲ್ಲ, ನೆಲದ ಮೇಲಿನಿಂದ ಎಲ್ಲ ನೋಡುತ್ತಿದ್ದೆ. ಹೆಸರಿನ ಜಾಗ ಬಂದಾಗ ಮಾಬುಸಾಬ ಕೇಳಿದ.

“ಚಂಪಾ ಅಂತನ ಹಾಕ್ತೀರೇನ್ರಿ ಅಕ್ಕಾರ?”

“ಬ್ಯಾಡ ಮಾಬಣ್ಣಾ. ಆಕಿ ದುಡದು ದಣದಾಳ.”

ನಂಬರು ಅಳಿಸಿ ಅವರು ಬೇರೊಂದು ಹೆಸರು ಹೊಡೆದರು.

ನಾನು ಈಗ ಪಕ್ಕದ ಗುಜರಿ ಕೋಣೆಯಲ್ಲಿದ್ದೇನೆ. ಮುರಿದ ಕುರ್ಚಿಗಳು, ಕೆಟ್ಟ ಬೀದಿದೀಪಗಳು ನನ್ನ ಜೊತೆಗಾರರು. ಆಯುಧ ಪೂಜೆಯ ದಿನ ಶಾರದಾ ಬಂದು ನನಗೂ ಮೂರು ಬೆರಳಿನ ವಿಭೂತಿ ಎಳೆದು ಹೋಗುತ್ತಾರೆ. ಉಳಿದ ದಿನ ಧೂಳು. ಎಷ್ಟೋ ಹೆಸರುಗಳು ನನ್ನ ಮೈಯಿಂದ ಹಾದುಹೋದವು, ಹುಟ್ಟಿದವರದು, ಸತ್ತವರದು. ಅಚ್ಚು ಹಾಕಿದ್ದಷ್ಟೇ ನಾನು. ಹೆಸರು ಬದುಕುವುದಕ್ಕೆ ಯಾರಾದರೂ ಬಾಯಿಬಿಟ್ಟು ಕರೆಯಬೇಕು ಎಂದು ಈಗ ಗೊತ್ತಾಗಿದೆ.

ನಡುವೆ ಇರುವುದು ಒಂದೇ ಗೋಡೆ. “ಕೊಟ್ರೇಶಗ ಕಳಿಸೀನಿ, ಬರ್ತೈತಿ ನೋಡ್ರಿ” ಎಂದು ಆಕೆ ಕಿಟಕಿಯವರಿಗೆ ಹೇಳುವ ದನಿ ಇಲ್ಲಿಯ ತನಕ ಕೇಳುತ್ತದೆ. ಸೆರಗು ಅಡ್ಡವಿಲ್ಲದ, ತುಂಬಿದ ದನಿ. ಅದರ ಹಿಂದೆಯೇ ಹೊಸ ಯಂತ್ರ ಗುರ್ ಎಂದು ಓಗೊಡುತ್ತದೆ.