ತಿದಿ ಒತ್ತಿದ ಭಾನುವಾರ

ಟೈಲರಕ್ಕನ ಗಂಟಲಿನ ಗಡ್ಡೆ ತೆಗೆದ ಡಾಕ್ಟರು, "ಜೀವ ಉಳೀತು, ದನಿ ಉಳೀಲಿಲ್ಲ" ಎಂದು ಹೇಳಿ ಎಂಟು ತಿಂಗಳಾಗಿತ್ತು. ಈಗ ಅವಳು ಉಸಿರಾಡುವುದು ಕುತ್ತಿಗೆಯ ಬುಡದ ಸಣ್ಣ ತೂತಿನಿಂದ. ಅದರ ಮೇಲೆ ತಾನೇ ಹೊಲಿದುಕೊಂಡ ಹತ್ತಿಯ ಪಟ್ಟಿ. ಏನಾದರೂ ಹೇಳಬೇಕಾದರೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆದು ತೋರಿಸುತ್ತಿದ್ದಳು. ಒಂದು ಕಾಲಕ್ಕೆ ಅಳತೆ ಕೊಡಲು ಬಂದವರಿಗೆ ಬಾಯಿ ತೆರೆಯಲು ಬಿಡದವಳು. ಈಗ ಗಿರಾಕಿಗಳೇ ಮಾತಾಡಿ ಮಾತಾಡಿ, ಮನೆಯ ಗುಟ್ಟನ್ನೆಲ್ಲ ಅಂಗಡಿಯಲ್ಲಿ ಸುರಿದು ಹೋಗುತ್ತಿದ್ದರು.

ಅದನ್ನೆಲ್ಲ ಹೇಗೋ ಸಹಿಸಿಕೊಂಡಳು. ಸಹಿಸಲಾಗದ್ದು ಭಾನುವಾರ ಮಾತ್ರ. ಇಪ್ಪತ್ತೆರಡು ವರ್ಷ ಚರ್ಚಿನಲ್ಲಿ ಹಾಡುವವರ ಮೊದಲ ಸಾಲಿನಲ್ಲಿ ನಿಂತವಳು, ಈಗ ಬೆಂಚಿನಲ್ಲಿ ಸುಮ್ಮನೆ ಕೂತು ಬೇರೆಯವರ ಹಾಡು ಕೇಳುವುದೆಂದರೆ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡ ಹಾಗೆ. 'ನಿನ್ನನ್ನು ಹೊಗಳೋಕೆ ಅಂತಲೇ ಇದ್ದ ದನಿ. ಅದೇ ಬೇಕಿತ್ತಾ ನಿನಗೆ?' ಎಂದು ದೇವರ ಮೇಲೆ ಮುನಿಸಿಕೊಂಡು ಚರ್ಚಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಜಗಳವಾಡುವುದಕ್ಕಾದರೂ ಆತ ಬೇಕಲ್ಲ.

ಒಂದು ಶನಿವಾರ ಬೆಳಿಗ್ಗೆ ಅತ್ತಿಗೆ ಅಂಗಡಿಗೆ ಬಂದಳು. ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಅವಳೇ.

"ಆರ್ಗನ್ನಿನ ತಿದಿ ಹರಿದಿದೆ. ಯಾವ ಕೀ ಒತ್ತಿದ್ರೂ ಗೊರಕೆ ಹೊಡೆದ ಹಾಗೆ ಕೇಳುತ್ತೆ. ಚರ್ಮ ಹೊಲಿಯೋ ಸೂಜಿ ಇರೋದು ನಿನ್ನ ಹತ್ರ ಮಾತ್ರ. ಆರಾಧನೆಗೆ ಬರಬೇಡಮ್ಮ, ಹೊಲಿಗೆಗಾದರೂ ಬಾ."

ಹೊಲಿಗೆಗೆ ಇಲ್ಲವೆನ್ನುವುದು ಅವಳಿಂದಾಗದು. ಆರ್ಗನ್ನಿನ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿಯೂರಿ, ಗಾಳಿ ತುಂಬುವ ಆ ತೊಗಲಿನ ಚೀಲದಲ್ಲಿ ನಾಲ್ಕು ಬೆರಳುದ್ದದ ಹರಕನ್ನು ಮೇಣದ ದಾರದಿಂದ ಹೊಲಿದು, ಮೇಲೊಂದು ತೇಪೆ ಅಂಟಿಸಿದಳು. ಮರದ ಹಿಡಿಯನ್ನು ಒತ್ತಿ ಗಾಳಿ ತುಂಬುತ್ತಿದ್ದ ಚರ್ಚಿನ ತಾತ ಬೆನ್ನು ಹಿಡಿದುಕೊಂಡು ಮಲಗಿದ್ದ. ಹಾಗಾಗಿ ಹೊಲಿಗೆ ಗಾಳಿ ತಡೆಯುತ್ತದೆಯೇ ಎಂದು ಅವಳೇ ಒತ್ತಿ ನೋಡಬೇಕಾಯಿತು. ಗಾಳಿ ಸದ್ದಿಲ್ಲದೆ ಒಳಗೆ ಹೋಗಿ, ಅತ್ತಿಗೆ ಕೀ ಒತ್ತುತ್ತಲೇ ಆಚೆ ಬದಿಯಿಂದ ದೊಡ್ಡ ನಾದವಾಗಿ ಹೊರಟಿತು.

"ನಾಳೆ ಒಂದಿನ ನೀನೇ ಒತ್ತಿಬಿಡು. ಹಿಂದೆ ಇರ್ತೀಯ, ಯಾರ ಕಣ್ಣಿಗೂ ಬೀಳಲ್ಲ" ಎಂದಳು ಅತ್ತಿಗೆ.

'ಒಂದೇ ದಿನ' ಎಂದು ಬರೆದು, 'ಒಂದೇ' ಎಂಬುದರ ಕೆಳಗೆ ಗೆರೆ ಎಳೆದಳು.

ಮರುದಿನ ಮೊದಲ ಹಾಡು ಸರಾಗವಾಗಿ ಹೋಯಿತು. ಎರಡನೆಯದು ಅವಳು ನೂರಾರು ಸಲ ಹಾಡಿದ್ದು. ಆರ್ಗನ್ ಒಂದು ಸಾಲು ಜೋರಾಗಿ ನುಡಿದು, ಸಾಲು ಮುಗಿಯುತ್ತಲೇ ಸೊರಗಿ ನಿಂತಿತು. ಮುಂದಿನ ಸಾಲಿಗೆ ಮತ್ತೆ ಎದ್ದಿತು. ಮತ್ತೆ ನಿಂತಿತು. ಜನ ಒಂದು ಕ್ಷಣ ತಡವರಿಸಿ, ಆಮೇಲೆ ತಾವೂ ಅಲ್ಲಲ್ಲೇ ನಿಂತು ಉಸಿರೆಳೆದುಕೊಂಡು ಹಾಡತೊಡಗಿದರು. ಟೈಲರಕ್ಕನಿಗೆ ಇದಾವುದೂ ತಿಳಿಯಲಿಲ್ಲ. ಕಣ್ಣು ಮುಚ್ಚಿ, ಬೆವರು ಇಳಿಸಿಕೊಂಡು ಒತ್ತುವುದರಲ್ಲೇ ಮುಳುಗಿದ್ದಳು.

ಆರಾಧನೆ ಮುಗಿದದ್ದೇ ಅತ್ತಿಗೆ ಹಿಂದಕ್ಕೆ ಧಾವಿಸಿ ಬಂದು ತೇಪೆ ತಡವಿ ನೋಡಿದಳು. "ಹೊಲಿಗೆ ಗಟ್ಟಿಯಾಗೇ ಇದೆ. ಮತ್ತೆ ಸಾಲು ಮುಗಿದಾಗೆಲ್ಲ ಯಾಕೆ ನಿಲ್ಲಿಸ್ತಿದ್ದೆ? ತಾತ ಒಂದಿನಾನೂ ಹೀಗೆ ಮಾಡಿದವನಲ್ಲ."

ನಿಲ್ಲಿಸಿದೆನೇ? ಟೈಲರಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗಗಳವು, ಇಪ್ಪತ್ತೆರಡು ವರ್ಷ ಅವಳು ತಪ್ಪದೆ ಉಸಿರು ತೆಗೆದುಕೊಂಡ ಜಾಗಗಳು. ಸೀಮೆಸುಣ್ಣ ಎತ್ತಿಕೊಂಡು ಬರೆದಳು.

'ಹಾಡ್ತಿದ್ದೆ.'

ಅತ್ತಿಗೆ ಓದಿ, ಸೆರಗಿಗೆ ಮುಖ ಒತ್ತಿಕೊಂಡಳು. ಟೈಲರಕ್ಕನಿಗೆ ಅಳು ಬರಲಿಲ್ಲ, ನಗು ಬಂತು. ಎಂಟು ತಿಂಗಳಲ್ಲಿ ಮೊದಲನೆಯದು, ಸದ್ದಿಲ್ಲದ್ದು. ಕುತ್ತಿಗೆಯ ಪಟ್ಟಿ ಮಾತ್ರ ಪಟಪಟ ಹಾರಿತು. ದನಿ ಹೋದ ದುಃಖ ಹೋಗಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಹಳೆಯ ಸಂತೋಷವೂ ಬಂದು ಕೂತಿತ್ತು, ದೇವರೊಡನೆ ಜಗಳವಾಡಲು ಇನ್ನೇನೂ ತೋಚಲಿಲ್ಲ.

"ತಾತನಿಗೆ ಬುಧವಾರದೊಳಗೆ ವಾಸಿ ಆಗುತ್ತಂತೆ" ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

ಟೈಲರಕ್ಕ ಕಪ್ಪು ತುಂಡನ್ನು ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದಳು: 'ಅವಸರ ಇಲ್ಲ ಅಂತ ಹೇಳು.'