ಕೆಟ್ಟ ಚಿತ್ರವಿಲ್ಲದ ಕಟ್ಟು

ಆ ಮನೆಯಲ್ಲಿ ಹಾಲು ತರಲು ಹೋಗುವಾಗ ಮಾತ್ರ ಕಾರ್ಡನ್ನು ಕೇಳುತ್ತಿರಲಿಲ್ಲ. ಮಿಕ್ಕ ಎಲ್ಲದಕ್ಕೂ ಕೇಳುತ್ತಿದ್ದರು. ಹೊಸ ಕೆಲಸಕ್ಕೆ ಸೇರಬೇಕೇ, ಹುಳುಕು ಹಲ್ಲು ಕೀಳಿಸಬೇಕೇ, ಮಹಡಿಯ ಕೋಣೆಯನ್ನು ಯಾರಿಗೆ ಬಾಡಿಗೆಗೆ ಕೊಡಬೇಕು? ಅತ್ತೆ ಊಟದ ಮೇಜಿನ ಮೇಲೆ ಕರಿ ಬಟ್ಟೆ ಹಾಸಿ, ಭವಿಷ್ಯ ಹೇಳುವ ಟ್ಯಾರೋ ಚಿತ್ರಕಾರ್ಡುಗಳನ್ನು ಕಲಸಿ, ಕಣ್ಣು ಮುಚ್ಚಿ ಒಂದೊಂದೇ ಎಳೆಯುತ್ತಿದ್ದರು. ಅವರೇನೂ ಕೆಟ್ಟವರಲ್ಲ. ಗಂಡ ಸತ್ತ ಮೇಲೆ ಹೊಟ್ಟೆಬಟ್ಟೆ ಕಟ್ಟಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು. ಆ ದಿನಗಳಲ್ಲಿ ಧೈರ್ಯ ಹೇಳಲು ಅವರಿಗೆ ಯಾರೂ ಇರಲಿಲ್ಲ, ಕಾರ್ಡುಗಳಿದ್ದವು. ಈಗ ಬೀದಿಯವರೂ ಬಂದು ಕೇಳುತ್ತಿದ್ದರು. ಎದುರಿಗೆ ಅಮ್ಮಾ ಎನ್ನುವವರು ಬೆನ್ನ ಹಿಂದೆ ಕಾರ್ಡಮ್ಮ ಎನ್ನುತ್ತಿದ್ದರು.

ಹಿರಿಯ ಸೊಸೆ ಕಿಟಕಿಯ ಪಕ್ಕ ಮಿಷನ್ ಇಟ್ಟುಕೊಂಡು ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಹಾಗಾಗಿ ಬೀದಿಗೆಲ್ಲ ಕಾಲರಕ್ಕ. ಕಿರಿಯ ಸೊಸೆ ಪ್ರೆಸ್ಸಿನಲ್ಲಿ ಬಿಸ್ಕತ್ತು, ಸೋಪುಗಳ ಪೆಟ್ಟಿಗೆಗೆ ಚಿತ್ರ ಬರೆಯುವವಳು. ಅವಳ ಗಂಡ ಪರವೂರಿನ ಕೆಲಸದಲ್ಲಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ಈ ಕಾರ್ಡಿನ ದರ್ಬಾರು ನೋಡಿ ನಗು ತಡೆಯಲಾರದೆ ಬಚ್ಚಲಿಗೆ ಓಡಿದ್ದಳು. ಹಿಂದೆಯೇ ಓಡಿಬಂದು ಜೊತೆಗೆ ನಕ್ಕವಳು ಕಾಲರಕ್ಕ. ಅಂದಿನಿಂದ ಇಬ್ಬರೂ ಒಡಹುಟ್ಟಿದವರ ಹಾಗೆ.

ಆದರೆ ಕಾಲರಕ್ಕ ಬಸುರಿಯಾದಾಗ ನಗು ನಿಂತುಹೋಯಿತು. ಅತ್ತೆ ಕಾರ್ಡು ಎಳೆದರೆ ಕುದುರೆ ಏರಿದ ಅಸ್ಥಿಪಂಜರ ಬಂತು, ಸಾವಿನ ಕಾರ್ಡು. ಅದರರ್ಥ ಬದಲಾವಣೆ, ಬೇರೇನಲ್ಲ ಎಂದು ಅತ್ತೆ ಹೇಳಿದರೂ ಅವರ ಮುಖವೇ ಕಪ್ಪಿಟ್ಟಿತ್ತು. ಕಾಲರಕ್ಕ ಅಂದು ಅನ್ನ ಮುಟ್ಟಲಿಲ್ಲ.

"ಅಕ್ಕಾ, ಅದು ಬರೀ ರಟ್ಟು. ನಮ್ಮ ಪ್ರೆಸ್ಸಲ್ಲಿ ಅಂಥದ್ದನ್ನ ರಾಶಿಗಟ್ಟಲೆ ಕತ್ತರಿಸಿ ಬಿಸಾಕ್ತೀವಿ."

"ರಟ್ಟು ಅಂತ ನಂಗೂ ಗೊತ್ತು ಕಣೇ. ಹೊಟ್ಟೇಲಿರೋದು ರಟ್ಟಲ್ವಲ್ಲ."

ಈ ಪದ್ಧತಿಯನ್ನೇ ನಿಲ್ಲಿಸಿ ಎಂದು ಕಿರಿಯವಳು ಅಂದೇ ಹೇಳಬೇಕಿತ್ತು. ಹೇಳಿದರೆ ಮನೆ ರಣರಂಗವಾಗುತ್ತಿತ್ತು, ಅವಳಿಗೆ ಜಗಳವೆಂದರೆ ಆಗದು. ಅದಕ್ಕೇ ಬೇರೊಂದು ದಾರಿ ಹುಡುಕಿದಳು. ಪ್ರೆಸ್ಸಿನಲ್ಲಿ ಉಳಿದ ದಪ್ಪ ಕಾಗದದ ಮೇಲೆ ತಾನೇ ಹೊಸ ಕಾರ್ಡುಗಳನ್ನು ಬರೆದಳು. ಕಿಟಕಿಯಲ್ಲಿ ನಿದ್ದೆ ಹೊಡೆಯುವ ಬೆಕ್ಕು, ಗೋಡೆಗೆ ಒರಗಿದ ಏಣಿ, ಹಬೆಯಾಡುವ ಕೆಟಲ್, ಬಿಚ್ಚಿದ ಕೊಡೆ, ಎದುರುಬದುರು ಹಾಕಿದ ಎರಡು ಕುರ್ಚಿ. ಹಳೆಯ ಕಟ್ಟಿನ ಅಸ್ಥಿಪಂಜರವಿಲ್ಲ, ಕುಸಿಯುವ ಗೋಪುರವಿಲ್ಲ, ಬೆನ್ನಿಗೆ ಕತ್ತಿ ಚುಚ್ಚಿಸಿಕೊಂಡವನಿಲ್ಲ. ಇಡೀ ಕಟ್ಟಿನಲ್ಲಿ ಒಂದೇ ಒಂದು ಕೆಟ್ಟ ಚಿತ್ರವಿರಲಿಲ್ಲ.

ಅತ್ತೆ ತಿರುವಿ ಹಾಕಿ ನೋಡಿ ಮೂಗು ಮುರಿದರು. "ಇದೇನೇ ಇದು? ನಾನು ಭವಿಷ್ಯ ಹೇಳೋದೋ, ಪಾತ್ರೆ ಅಂಗಡಿ ಇಡೋದೋ?"

"ಒಂದ್ಸಲ ಕೇಳಿ ನೋಡಿ ಅತ್ತೆ."

ಮೊದಲ ಗಿರಾಕಿ ಮೂಲೆಯಂಗಡಿಯ ಕ್ಷೌರಿಕ. ಮಗಳಿಗೆ ಕೆಲಸ ಸಿಗುತ್ತದೆಯೇ ಎಂದು ಕೇಳಿದ, ಏಣಿ ಬಂತು. ಅವನು ಕುಣಿಯುತ್ತ ಹೋದ. ಆಮೇಲೆ ಜನವೋ ಜನ. ಒಳ್ಳೆಯ ಮಾತು ಯಾರಿಗೆ ಬೇಡ? "ನಮ್ಮ ಚಿಕ್ಕವಳ ಕೈಯಲ್ಲಿ ಏನೋ ಇದೆ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ಅದುವರೆಗೆ ಆ ಮನೆಯಲ್ಲಿ ಲೆಕ್ಕಕ್ಕೇ ಇಲ್ಲದಿದ್ದ ಹುಡುಗಿ ಒಳಗೊಳಗೇ ಉಬ್ಬಿದಳು. ಕಾಲರಕ್ಕನೂ ಹೊಟ್ಟೆ ತುಂಬ ಉಂಡು ಹಾಡು ಗುನುಗುತ್ತ ಹೊಲಿಯುತ್ತಿದ್ದಳು. ಇನ್ನೇನು ಬೇಕು ಎಂದುಕೊಂಡಳು ಕಿರಿಯವಳು.

ಎಂಟನೆಯ ತಿಂಗಳಲ್ಲಿ ಕಾಲರಕ್ಕನ ಬೆರಳುಗಳು ಊದಿಕೊಂಡವು. ಉಂಗುರ ತೆಗೆಯಲು ಸೋಪು ಹಚ್ಚಬೇಕಾಯಿತು. ಒಂದು ಸಂಜೆ ಕಿರಿಯವಳು ಕೆಲಸದಿಂದ ಬಂದಾಗ ಆಕೆ ಹೊಲಿಗೆ ಬಿಟ್ಟು ತಲೆ ಹಿಡಿದುಕೊಂಡು ಕೂತಿದ್ದಳು.

"ತಲೆ ಸಿಡೀತಿದೆ ಕಣೇ. ಸೂಜಿ ಎರಡೆರಡಾಗಿ ಕಾಣುತ್ತೆ. ಕಣ್ಮುಂದೆ ಮಿಂಚುಹುಳ ಹಾರಿದ ಹಾಗೆ."

"ಅಕ್ಕಾ, ಏಳು. ಆಸ್ಪತ್ರೆಗೆ ಹೋಗೋಣ. ಹಿಂಗಾದ್ರೆ ತಕ್ಷಣ ಬನ್ನಿ ಅಂತ ನರ್ಸಮ್ಮ ಹೇಳಿರಲಿಲ್ವಾ?"

"ತಡೀರೇ, ಕಾರ್ಡು ಕೇಳಿ ಹೋಗಿ," ಎಂದು ಅತ್ತೆ ಬಟ್ಟೆ ಹಾಸಿಯೇಬಿಟ್ಟಿದ್ದರು. ಬೆಕ್ಕು ಬಂತು. ಮತ್ತೆ ಎಳೆದರು, ಕೊಡೆ ಬಂತು. "ನೋಡು, ಬಾಯಿಬಿಟ್ಟು ಹೇಳ್ತಿದೆ. ಮಲಗು, ಕಾಪಾಡ್ತೀನಿ ಅಂತ."

ಕಿರಿಯವಳು ಉಳಿದ ಕಾರ್ಡುಗಳನ್ನೂ ಮಗುಚಿ ತೋರಿಸಿದಳು. "ಅತ್ತೆ, ಅದರಲ್ಲಿ ಕೆಟ್ಟದ್ದು ಇಲ್ಲವೇ ಇಲ್ಲ! ನಾನು ಬರೆದೇ ಇಲ್ಲ. ಸಾವಿರ ಸಲ ಎಳೆದ್ರೂ ಒಳ್ಳೇದೇ ಬರೋದು."

"ಬರೆದ ಕೈ ನಿಂದಿರಬಹುದು. ಯಾವ್ದು ಬರಬೇಕು ಅನ್ನೋದು ನಿನ್ನ ಕೈಲಿಲ್ಲ. ನನ್ನ ಎರಡೂ ಹೆರಿಗೆ ಆಸ್ಪತ್ರೆ ಮೆಟ್ಟಿಲು ಹತ್ತದೇ ಆಯ್ತು. ಕೂತ್ಕೋ ಸುಮ್ನೆ."

ಬೇಕರಿ ಕೆಲಸದಿಂದ ಆಗತಾನೆ ಬಂದ ಬಾವ, ಕಾಲರಕ್ಕನ ಗಂಡ, ತೋಳಿನ ಮೈದಾ ಒರೆಸಿಕೊಳ್ಳುತ್ತ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ಕಿರಿಯವಳು ಕಾಲರಕ್ಕನ ರಟ್ಟೆ ಹಿಡಿದಳು. ಆಕೆ ಮೆಲ್ಲನೆ ಬಿಡಿಸಿಕೊಂಡಳು.

"ಬಿಡೇ, ನೀನೇ ಬರೆದ ಬೆಕ್ಕು ನಂಗೆ ಸುಳ್ಳು ಹೇಳುತ್ತಾ? ಅದನ್ನ ನೋಡಿದ್ರೇ ಸಮಾಧಾನ. ನಾಳೆ ಹೋದ್ರಾಯ್ತು."

ಬೆಳಗ್ಗೆ ತಲೆನೋವು ಇಳಿದಿದೆ, ಸಂಜೆ ಹೋಗೋಣ ಎಂದು ಆಕೆಯೇ ಇವಳನ್ನು ಕೆಲಸಕ್ಕೆ ಕಳಿಸಿದಳು. ಮಧ್ಯಾಹ್ನ ಪ್ರೆಸ್ಸಿಗೆ ಫೋನು ಬಂತು. ಮಿಷನ್ ಮುಂದೆ ಕೂತಲ್ಲೇ ಕಾಲರಕ್ಕನಿಗೆ ಫಿಟ್ಸ್ ಬಂದಿತ್ತು. ಏರಿದ ರಕ್ತದೊತ್ತಡಕ್ಕೆ ತಲೆಯಲ್ಲಿ ರಕ್ತನಾಳ ಒಡೆದಿತ್ತು. ಡಾಕ್ಟರು ಹೊಟ್ಟೆ ಕೊಯ್ದು ಹೆಣ್ಣುಮಗುವನ್ನು ಉಳಿಸಿದರು. ತಾಯಿ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯ ಹಾಳೆಯ ಮೇಲಿದ್ದ ಆ ಊದಿದ ಕೈ ಹಿಡಿದು ಕಿರಿಯವಳು ಅತ್ತ ಅಳುವನ್ನು ನೋಡಿ ಪಕ್ಕದ ಹಾಸಿಗೆಯವರೂ ಅತ್ತರು.

ಆ ಸಾವಿನಿಂದ ಮನೆ ಏನು ಕಲಿಯಿತು? ಓದುಗರು ಊಹಿಸಿದ್ದನ್ನಲ್ಲ. "ಆಟದ ಸಾಮಾನು ನಂಬಿ ಮಗಳಂಥವಳನ್ನ ಕಳ್ಕೊಂಡೆ," ಎಂದು ಅತ್ತೆ ಎದೆ ಬಡಿದುಕೊಂಡರು. "ಹಳೇ ಕಾರ್ಡು ಮೊದಲೇ ಹೇಳಿತ್ತಲ್ಲಪ್ಪಾ!" ಬಂದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಕಿರಿಯವಳನ್ನು ಕೊಲೆಗಾತಿಯನ್ನು ನೋಡಿದಂತೆ ನೋಡಿ ಹೋದರು. ಹಳೆಯ ಕಾರ್ಡಿನ ಭಯವಾದರೂ ಆ ಸಂಜೆ ಎಲ್ಲರನ್ನೂ ಆಸ್ಪತ್ರೆಗೆ ಅಟ್ಟುತ್ತಿತ್ತೇನೋ ಎಂಬ ಯೋಚನೆ ಅವಳನ್ನು ಒಳಗೇ ಕೊರೆಯುತ್ತಿತ್ತು. ಮೂಢನಂಬಿಕೆಯ ಹಲ್ಲು ಕಿತ್ತರೆ ಸಾಕು, ಅದು ಕಚ್ಚುವುದಿಲ್ಲ ಎಂದುಕೊಂಡಿದ್ದಳಲ್ಲ! ಹೆಣ್ಣೊಬ್ಬಳು ಸತ್ತು ಬೂದಿಯಾದರೂ ವಿಚಾರಣೆ ನಡೆದದ್ದು ಎರಡು ಕಟ್ಟುಗಳಲ್ಲಿ ಯಾವುದು ನಿಜ ಎಂದು. ಕಾರ್ಡನ್ನು ಯಾಕಾದರೂ ಕೇಳಬೇಕು ಎಂದು ಒಬ್ಬರೂ ಕೇಳಲಿಲ್ಲ.

ಮಗುವಿಗೆ ಎರಡು ತಿಂಗಳು ತುಂಬುವಷ್ಟರಲ್ಲಿ ಒಂದು ಬೆಳಗ್ಗೆ ಮೈ ಕಾದಿತ್ತು. ಬಾಟಲಿಯ ಹಾಲು ಕುಡಿಯಲಿಲ್ಲ, ಜೋರಾಗಿ ಅಳಲೂ ಇಲ್ಲ. ಕಿರಿಯವಳು ಮಗುವನ್ನು ಟವೆಲಿನಲ್ಲಿ ಸುತ್ತುವ ಹೊತ್ತಿಗೆ ಅತ್ತೆ ಮೇಜಿನ ಮೇಲೆ ಹಳೆಯ ಕಟ್ಟು ಕಲಸುತ್ತಿದ್ದರು.

"ಒಂದು ನಿಮಿಷ ನಿಲ್ಲು. ಕೇಳಿಬಿಡ್ತೀನಿ."

"ಬೇಡ ಅತ್ತೆ."

"ಇದು ನಿನ್ನ ಬೆಕ್ಕು ಕೊಡೆ ಅಲ್ಲ ಕಣೇ. ಇದು ನಿಜ ಹೇಳುತ್ತೆ."

"ಒಳ್ಳೇದು ಬಂದ್ರೂ ಹೋಗ್ತೀನಿ, ಕೆಟ್ಟದ್ದು ಬಂದ್ರೂ ಹೋಗ್ತೀನಿ. ಮತ್ಯಾಕೆ ಕೇಳ್ಬೇಕು? ಅವತ್ತು ನಾನು ಜಗಳಕ್ಕೆ ಹೆದರಿದೆ ಅತ್ತೆ. ಈ ಮನೇಲಿ ಕೇಳೋದೇ ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ಅಕ್ಕನ್ನ ಕೊಂದಿದ್ದು ಆ ಹೆದರಿಕೆ."

"ಕೇಳದೆ ಹೋದ್ರೆ ಈ ಮನೆಗೆ ವಾಪಸ್ ಬರಬೇಡ!"

ಅವಳು ಮಗುವನ್ನೆತ್ತಿಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿಳಿಯುವಾಗ ಹಿಂದೆ ಹೆಜ್ಜೆ ಸದ್ದಾಯಿತು. ಹೆಂಡತಿ ಸತ್ತಾಗಿನಿಂದ ತುಟಿ ಬಿಚ್ಚದಿದ್ದ ಬಾವ ಬರಿಗಾಲಲ್ಲೇ ಇಳಿದು ಬಂದಿದ್ದ. "ಮಗು ಕೊಡಮ್ಮ, ನಾನು ಎತ್ಕೋತೀನಿ," ಎಂದ. ಮೇಲಿನಿಂದ ತಾಯಿ ಕೂಗುತ್ತಲೇ ಇದ್ದರು. ಅವನು ತಿರುಗಿ ನೋಡಲಿಲ್ಲ.

ಡಾಕ್ಟರಮ್ಮ ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಕಫ ಕಟ್ಟಿದೆ. ಯಾವಾಗಿಂದ ಜ್ವರ?"

"ಇವತ್ತು ಬೆಳಗ್ಗೆಯಿಂದ."

"ಬೇಗ ಕರ್ಕೊಂಡು ಬಂದಿದ್ದೀರಿ. ಹೆದರಬೇಡಿ, ಉಳಿಯುತ್ತೆ."

ಬೇಗ ಎಂಬ ಆ ಮಾತು ಕೇಳಿ ಕಿರಿಯವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಮಗು ಉಳಿಯುತ್ತೆ ಅಂತಿದ್ದೀನಲ್ಲಮ್ಮ, ಮತ್ಯಾಕೆ ಅಳ್ತೀಯ ಎಂದು ಡಾಕ್ಟರಮ್ಮ ಕೇಳಿದರು. ಬಾವ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.