ಒಂಟಿ ಗೆರೆ

ಅಕ್ಕ ಸತ್ತ ಎರಡು ವಾರಕ್ಕೆ ಹನಿ ಕೆಲಸಕ್ಕೆ ಬಂದಳು. ರಕ್ತ ಪರೀಕ್ಷೆಯ ಆ ಸರ್ಕಾರಿ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಹನಿ ಚೆಲ್ಲಿದವಳಲ್ಲ. ಬಂದವಳು ಕೈಚೀಲವನ್ನೂ ಇಳಿಸದೆ ದಾಖಲೆ ಪುಸ್ತಕ ತೆಗೆದು, ಭಾವ ಚೀಟಿಯಲ್ಲಿ ಬರೆದುಕೊಟ್ಟಿದ್ದ ನಂಬರು ಹುಡುಕಿದಳು. ಅಲ್ಲಿಗೆ ರಕ್ತ ಬರುವುದು ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಅಕ್ಕನ ನಂಬರಿನ ಎದುರು ‘ವೈರಸ್ ಇಲ್ಲ’ ಎಂದಿತ್ತು. ಕೆಳಗೆ ಸಹಿ. ಸಹಿ ಅವಳದೇ.

ಭಾವ ಆಸ್ಪತ್ರೆಯೊಂದರಲ್ಲಿ ನರ್ಸು; ಅಕ್ಕ ಹೋದ ಮೇಲೆ ಅವನ ಊಟ ಹನಿಯ ಕೈಯಲ್ಲೇ. ಹಿಂದಿನ ದಿನ ತಟ್ಟೆಯ ಮುಂದೆ ಕೂತು ಹಲ್ಲು ಕಡಿದಿದ್ದ. “ಸೊಳ್ಳೆ ಜ್ವರ ಅಲ್ಲ ಅಂತ ಬಂತಲ್ಲ, ಅದಕ್ಕೇ ಡಾಕ್ಟ್ರು ಆ ಹಾಳು ನೋವಿನ ಮಾತ್ರೆ ಕೊಟ್ರು. ರಕ್ತ ನಿಲ್ಲಲೇ ಇಲ್ಲ. ಇಲ್ಲ ಅಂತ ಬರೆದ ಆ ಕೈ ಒಂದ್ಸಲ ನನಗೆ ಸಿಗ್ಲಿ. ಬೆರಳು ಬೆರಳೂ ಮುರೀತೀನಿ.”

“ಸಿಗುತ್ತೆ ಭಾವ,” ಎಂದು ಅವಳು ಅನ್ನ ಬಡಿಸಿದ್ದಳು.

ಈಗ ಅವಳು ಯಂತ್ರ ಉಳಿಸಿಟ್ಟಿದ್ದ ಅಕ್ಕನ ಪರೀಕ್ಷೆಯ ಚಿತ್ರ ತೆರೆದಳು. ಆ ಪರೀಕ್ಷೆ ವೈರಸ್ಸನ್ನು ಎರಡು ಕಡೆ ಮುಟ್ಟಿ ನೋಡುತ್ತದೆ. ಎರಡು ಕಡೆಗೂ ಪರದೆಯ ಮೇಲೆ ಒಂದೊಂದು ಗೆರೆ. ವೈರಸ್ ಇದ್ದರೆ ಎರಡೂ ಗೆರೆ ಮೇಲೇಳಬೇಕು. ಅಕ್ಕನ ರಕ್ತದಲ್ಲಿ ಒಂದು ಗೆರೆ ಎದ್ದು ನಿಂತಿತ್ತು, ಇನ್ನೊಂದು ನೆಲಕ್ಕಂಟಿ ಮಲಗಿತ್ತು. ಯಂತ್ರದ ಪಕ್ಕದ ಗೋಡೆಗೆ ದೊಡ್ಡ ಸಾಹೇಬರು ಅಂಟಿಸಿದ್ದ ಆಜ್ಞೆ ಹೀಗಿತ್ತು: ಒಂದೇ ಗೆರೆ ಎದ್ದರೆ ‘ಇಲ್ಲ’ ಎಂದು ಬರೆಯತಕ್ಕದ್ದು, ಮರುಪರೀಕ್ಷೆ ಬೇಡ. ‘ಸಂಶಯ’ ಎಂಬ ಕಾಲಂ ತುಂಬಿದರೆ ತಿಂಗಳ ವರದಿ ಮೇಲಿನವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವಲ್ಲ!

ಒಂಟಿ ಗೆರೆಗಳು ಹೆಚ್ಚುತ್ತಿವೆ ಎಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಸಾಹೇಬರಿಗೆ ಬೆನ್ನ ಹಿಂದೆ ‘ಹೂಂ ಸಾಹೇಬ್ರು’ ಎಂಬ ಹೆಸರು. ಕಾಗದ ಕೊಟ್ಟರೆ ಹೂಂ ಎನ್ನುವುದು, ಸಹಿ ಒತ್ತುವುದು, ಓದುವ ತಂಟೆಗೇ ಹೋಗದಿರುವುದು. ಎರಡನೆಯ ಸಲ ಅವಳು ಬಾಯಿಬಿಟ್ಟೂ ಹೇಳಿದಾಗ ಅವರು ನಕ್ಕಿದ್ದರು. “ಅರ್ಧ ಉತ್ತರ ಉತ್ತರ ಅಲ್ಲಮ್ಮ. ವಯಸ್ಸಾಯ್ತು, ನಿನ್ನ ಕೈ ನಡುಗ್ತಿರಬೇಕು.”

ಆ ನಗು ನೆನೆದು ಅವಳು ಈಗ ಕೈಚೀಲ ಇಳಿಸಿ ಕುರ್ಚಿ ಎಳೆದುಕೊಂಡಳು.

ಅವಳು ನಾಲ್ಕು ತಿಂಗಳ ಒಂಟಿ ಗೆರೆಗಳನ್ನು ಹೆಕ್ಕಿದಳು. ನಲವತ್ತೊಂದು. ಫ್ರಿಜ್ಜಿನಲ್ಲಿ ಉಳಿದಿದ್ದ ಆರು ರಕ್ತಗಳನ್ನು, ವೈರಸ್ಸಿನ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದುವ ಬೇರೊಂದು ಊರಿನ ಪ್ರಯೋಗಾಲಯಕ್ಕೆ ಕಳಿಸಿದಳು. ಉತ್ತರಕ್ಕೆ ಮೂರು ವಾರ ಹಿಡಿಯಿತು. ಅಷ್ಟು ದಿನವೂ ಒಂಟಿ ಗೆರೆ ಕಂಡಾಗಲೆಲ್ಲ ತಾನೇ ಆಸ್ಪತ್ರೆಗಳಿಗೆ ಫೋನು ಮಾಡಿ, “ಆ ಮಾತ್ರೆ ಕೊಡಬೇಡಿ,” ಎನ್ನುತ್ತಿದ್ದಳು. ಕಾಗದ ‘ಇಲ್ಲ’ ಎನ್ನುವಾಗ ಫೋನಿನಲ್ಲಿ ಗೋಗರೆಯುವ ಹೆಂಗಸಿನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಉತ್ತರ ಬಂತು. ಆರರಲ್ಲೂ ಎರಡೇ ಅಕ್ಷರ ಬದಲಾಗಿದ್ದವು, ಅದೂ ಪರೀಕ್ಷೆ ಮುಟ್ಟಿ ನೋಡುವ ಜಾಗದಲ್ಲೇ. ವೈರಸ್ಸಿಗೆ ಜಾಣತನವೂ ಇಲ್ಲ, ಹಗೆಯೂ ಇಲ್ಲ. ಸೊಳ್ಳೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಸೊಳ್ಳೆಗೆ ದಾಟುತ್ತ ತನ್ನನ್ನೇ ನಕಲು ಮಾಡಿಕೊಳ್ಳುವಾಗ ಕೈತಪ್ಪಿ ಅಕ್ಷರ ಬದಲಿಸಿತ್ತು. ಅದರ ಮೇಲೆ ಸಿಟ್ಟು ಮಾಡಿ ಫಲವೇನು? ಸಿಟ್ಟಿಗೆ ತಕ್ಕ ಮನುಷ್ಯ ಮಹಡಿಯ ಮೇಲೆ ಫ್ಯಾನು ತಿರುಗಿಸಿಕೊಂಡು ಕೂತಿದ್ದ.

ಅವಳು ಒಯ್ದ ವರದಿ ಕಂಡು ಸಾಹೇಬರ ಮುಖ ಅರಳಿತು. “ಹೊಸ ರೂಪಾಂತರ! ನಾವೇ ಕಂಡುಹಿಡಿದ್ವಿ! ಎಲ್ಲಾ ಆಸ್ಪತ್ರೆಯೋರ್ನೂ ನಾಡಿದ್ದು ಕರೆಸೋಣ. ಭಾಷಣ ನೀನೇ ಬರೆದುಬಿಡಮ್ಮ, ನಾನು ಓದ್ತೀನಿ. ಹಳೇ ಕಥೆ ಎಲ್ಲ ಯಾಕೆ, ಅಲ್ವಾ?”

“ಆಗ್ಲಿ ಸಾರ್.”

ಗಾಜು ತೊಳೆಯುವ ಆಯಾ ಬಾಗಿಲಲ್ಲೇ ತಡೆದಳು. “ಏನೇ ಇದು! ನಿನ್ನ ಬೆನ್ನಲ್ಲಿರೋದು ಮೂಳೆನಾ, ರಬ್ಬರಾ? ಮೇಲಿನೋರಿಗೆ ಒಂದು ದೂರು ಎಸೀಬಾರ್ದಾ?”

“ದೂರು ಕೊಟ್ರೆ ವಿಚಾರಣೆ ಅಂತ ಆರು ತಿಂಗಳು. ಅಲ್ಲೀವರೆಗೂ ಜನ ಆ ಮಾತ್ರೆ ನುಂಗ್ತಾನೇ ಇರ್ತಾರೆ. ಅವರ ಬಾಯಲ್ಲೇ ಬರ್ಲಿ, ಎಲ್ಲರೂ ಕೇಳ್ತಾರೆ.”

“ಮತ್ತೆ ನಿನ್ನಕ್ಕ?”

“ಅದಕ್ಕೂ ಒಲೆ ಮೇಲೆ ಇಟ್ಟಿದೀನಿ, ಬೇಯ್ತಾ ಇದೆ. ಮುಚ್ಚಳ ತೆಗೀಬೇಡ.”

ಅವಳು ಭಾಷಣ ಬರೆದಳು. ಸಾಹೇಬರು ಮೊದಲ ಪುಟ ನೋಡಿ, ಅಲ್ಲಿ ತಮ್ಮ ಹೆಸರು ಮೂರು ಸಲ ಬಂದದ್ದಕ್ಕೆ ಹೂಂ ಎಂದು, ಕೊನೆಯ ಪುಟಕ್ಕೆ ಸಹಿ ಒತ್ತಿದರು. ನೂರಿಪ್ಪತ್ತು ಪ್ರತಿ ಮಾಡಿಸಿದ್ದೂ ಅವಳೇ, ಸಭೆಯಲ್ಲಿ ಕುರ್ಚಿ ಕುರ್ಚಿಗೆ ಇಟ್ಟದ್ದೂ ಅವಳೇ. ಮೂರನೆಯ ಸಾಲಿನಲ್ಲಿ ಭಾವ ಕೂತಿದ್ದ. ಅವನ ಆಸ್ಪತ್ರೆಯಿಂದ ಅವನನ್ನೇ ಕಳಿಸಿದ್ದರು. ಅವನ ಮಡಿಲಿಗೆ ಪ್ರತಿ ಇಡುವಾಗ ಅವಳ ಕೈ ನಡುಗಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು. ಎರಡು ಪುಟ ಸೊಗಸಾಗಿ ಹೋಯಿತು: ರೂಪಾಂತರ ಎಂದರೇನು, ಪರೀಕ್ಷೆಯ ಕಣ್ಣಿಗೆ ಅದು ಹೇಗೆ ಮಣ್ಣೆರಚಿತು, ಒಂದೇ ಗೆರೆ ಎದ್ದರೂ ರೋಗ ಇದೆಯೆಂದೇ ತಿಳಿದು ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಕು. ಮೂರನೆಯ ಪುಟ ತಿರುಗಿತು.

“ಒಂಟಿ ಗೆರೆಗಳ ವಿಷಯವನ್ನು ನಾಲ್ಕು ತಿಂಗಳ ಹಿಂದೆಯೇ ಲಿಖಿತವಾಗಿ ನನ್ನ ಗಮನಕ್ಕೆ ತರಲಾಗಿತ್ತು. ನಾನು ಅದನ್ನು ಓದದೆ...”

ಮಾತು ನಿಂತಿತು. ಮುಖದ ನೀರಿಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮುಂದೆ ಕೂತಿದ್ದ ಹಿರಿಯ ಡಾಕ್ಟರಮ್ಮ ಕನ್ನಡಕ ಏರಿಸಿದರು. “ಓದಿ ಸಾರ್. ನಮ್ಮ ಕೈಲೂ ಇದೆ. ‘ಓದದೆ ಸಹಿ ಮಾಡಿದೆ.’ ಆಮೇಲೆ?”

ಕೆಳಗೆ ಅವರದೇ ಸಹಿ. ತನ್ನದಲ್ಲ ಎನ್ನುವಂತಿಲ್ಲ. ಸಾಹೇಬರು ಓದಿದರು: ಮರುಪರೀಕ್ಷೆ ಬೇಡವೆಂದ ಆಜ್ಞೆ ನನ್ನದು. ಅಂಥ ರಕ್ತ ನಲವತ್ತೊಂದು. ಆ ರೋಗಿಗಳಲ್ಲಿ ಏಳು ಮಂದಿ ಈಗಿಲ್ಲ ಎಂದು ಆಸ್ಪತ್ರೆಗಳೇ ತಿಳಿಸಿವೆ. ಹನಿ ಗೋಡೆಗೊರಗಿ ನಿಂತು, ಬಾಯಾರಿದವಳು ನೀರು ಕುಡಿದ ಹಾಗೆ ಒಂದೊಂದು ಮಾತನ್ನೂ ಕುಡಿದಳು.

ಕೊನೆಯ ಸಾಲಿಗೆ ಬಂದಾಗ ಸಾಹೇಬರಿಗೆ ಒಮ್ಮೆಗೇ ಜೀವ ಬಂತು. ದನಿ ಏರಿತು. “ಈ ನಲವತ್ತೊಂದಕ್ಕೂ ‘ಇಲ್ಲ’ ಎಂದು ತಮ್ಮ ಕೈಯಾರೆ ಬರೆದವರು ನಮ್ಮ ಹಿರಿಯ ತಂತ್ರಜ್ಞೆ! ಇಗೋ, ಇಲ್ಲೇ ಇದಾಳೆ, ನೋಡಿ!”

ಆ ಸಾಲನ್ನೂ ಅವಳೇ ಬರೆದಿದ್ದಳು.

ಡಾಕ್ಟರುಗಳಾಗಲೇ ಫೋನು ಕಿವಿಗಿಟ್ಟುಕೊಂಡು ಹೊರಗೆ ನುಗ್ಗುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಭಾವ ಒಬ್ಬನೇ ಎದುರು ದಿಕ್ಕಿಗೆ ಬಂದು ಅವಳ ಮುಂದೆ ನಿಂತ. ಅವನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

“ಗೊತ್ತಿದ್ದೂ ದಿನಾ ನನಗೆ ಊಟಕ್ಕಿಟ್ಟೆ.”

“ಹೌದು.”

“ಮನೇಲೇ ಹೇಳ್ಬಹುದಿತ್ತು.”

“ಮನೇಲಿ ಹೇಳಿದ್ರೆ ನೀವು ನನ್ನೊಬ್ಬಳ್ನೇ ಹೊಡೀತಿದ್ರಿ ಭಾವ. ಅವರು ತಪ್ಪಿಸ್ಕೊಳ್ತಿದ್ರು.”

ಅವನ ಕೈ ಮೇಲೆದ್ದಿತು, ಎದ್ದಲ್ಲೇ ನಿಂತಿತು, ಜೇಬಿಗಿಳಿದು ಪೆನ್ನು ತೆಗೆಯಿತು.

“ನಮ್ಮ ವಾರ್ಡಲ್ಲಿ ಜ್ವರದೋರು ಹದಿನಾಲ್ಕು ಜನ ಇದಾರೆ. ಎಲ್ಲರಿಗೂ ‘ಇಲ್ಲ’ ಅಂತಾನೇ ಬಂದಿದೆ. ಈ ವಾರದ ಒಂಟಿ ಗೆರೆ ಯಾವ್ಯಾವ ನಂಬರು, ಹೇಳು.”

ಅವಳು ಪುಸ್ತಕ ನೋಡದೆ ಒಂದೊಂದಾಗಿ ಹೇಳುತ್ತ ಹೋದಳು. ಅವನು ಅವಳ ಮುಖ ನೋಡದೆ ಬರೆದುಕೊಳ್ಳುತ್ತ ಹೋದ.